ಒಂದು ಹಿಡಿ ಪುಡಿ ಉಪ್ಪು

ಆ ಕಾರ್ಡು ಬರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಇವತ್ತಿನವರೆಗೂ ಯಾರೂ ಅದನ್ನು ನನ್ನ ಮುಖಕ್ಕೆ ಹೇಳಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಸಿಕೊಳ್ಳದೆ ಉಳಿದ ತಪ್ಪು ಹೊಟ್ಟೆಯೊಳಗೆ ಹಾಗೇ ಕೂತಿರುತ್ತದೆ.

ತೇನಿಯಿಂದ ಬೋಡಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮ ಕನ್ನಡಕ್ಕೆ ಅಕ್ಷರ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಮೇಲೆ, ಬಸ್ಸಿನ ಬೋರ್ಡು ಓದಲಾಗದೆ ಎರಡು ಸಲ ಬೇರೆ ಊರಿಗೆ ಹೋಗಿ ಇಳಿದ ಮೇಲೆ ಕಲಿತೆ. ಕಾರ್ಡು ಬರೆದದ್ದು ತಮಿಳಿನಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ. ಆಗ ನನಗೆ ನನ್ನ ಬುದ್ಧಿಯ ಮೇಲೆ ಬಹಳ ಅಭಿಮಾನ.

ಊರಿಗೆ ಕೇಬಲ್ ಬಂದು ಒಂದೆರಡು ವರ್ಷವಾಗಿತ್ತು. ಭಾನುವಾರ ಹನ್ನೊಂದು ಗಂಟೆಗೆ ಒಂದು ಅಡುಗೆ ಸ್ಪರ್ಧೆ ಬರುತ್ತಿತ್ತು. ಊರೂರಿನ ಗೃಹಿಣಿಯರು, ಒಂದು ವಾರಕ್ಕೆ ಮೂವರು. ಮೂರು ಒಲೆ, ಒಂದು ಗಂಟೆ, ಇಬ್ಬರು ತೀರ್ಪುಗಾರರು. ಒಬ್ಬ ಯಾವುದೋ ದೊಡ್ಡ ಹೋಟೆಲಿನ ಮುಖ್ಯ ಅಡುಗೆಯವನು, ತಲೆ ಮೇಲೆ ಮೊಳದುದ್ದ ಬಿಳಿ ಟೋಪಿ. ಇನ್ನೊಬ್ಬಳು ಅಡುಗೆ ಪುಸ್ತಕ ಬರೆಯುವ ಅಮ್ಮ. ಆಕೆಯ ಸೀರೆಯ ನೆರಿಗೆ ಕಾರ್ಯಕ್ರಮ ಮುಗಿಯುವವರೆಗೂ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಬೀದಿಯ ಅರ್ಧ ಜನ ನಮ್ಮ ಮನೆಯ ಹಜಾರದಲ್ಲೇ ಕೂತು ನೋಡುತ್ತಿದ್ದರು. ನೋಡುತ್ತಿದ್ದರು ಅನ್ನುವುದಕ್ಕಿಂತ ಅಲ್ಲೇ ಇನ್ನೊಂದು ತೀರ್ಪು ನಡೆಯುತ್ತಿತ್ತು. "ಎಣ್ಣೆ ಸುರೀತಾ ಇರೋದ್ನ ನೋಡು, ಅವಳಪ್ಪನ ಮನೇಲಿ ಗಾಣ ಇರ್ಬೇಕು." "ಈರುಳ್ಳಿ ಹೆಚ್ಚೋ ಚೆಂದಕ್ಕೇ ಇವಳ್ನ ಗಂಡ ಬಿಟ್ಟೋಗ್ಬೇಕು." ಎದುರುಮನೆಯ ಅಜ್ಜಿ ಎಲೆಅಡಿಕೆ ಜಗಿಯುತ್ತಾ ಎಲ್ಲರಿಗಿಂತ ಮೊದಲೇ ಗೆಲ್ಲುವವಳು ಯಾರೆಂದು ಹೇಳುತ್ತಿದ್ದಳು, ಪ್ರತಿ ವಾರವೂ ತಪ್ಪಾಗಿ. ಟೋಪಿಯವನು ಚಮಚದ ತುದಿಯಲ್ಲಿ ಒಂದು ಚೂರು ತೆಗೆದುಕೊಂಡು, ಕಣ್ಣು ಮುಚ್ಚಿ, ಆ ಹೆಂಗಸನ್ನು ಕಾಯಿಸುತ್ತಿದ್ದ. ಆಮೇಲೆ ಒಂದೇ ಮಾತು. ಹೊಗಳಿದರೆ ನಮಗೆ ಅಷ್ಟೇನೂ ಖುಷಿಯಿಲ್ಲ. ಬೈದರೆ ಖುಷಿ. ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಹೆಚ್ಚು ಖುಷಿ ನನಗೆ. ಸೇಲಂನ ಯಾರೋ ಒಬ್ಬಳ ಕಣ್ಣಲ್ಲಿ ನೀರು ಬಂದ ದಿನ ಅವಳ ತುಟಿ ಅದುರಿದ ಹಾಗೆ ನಾನೂ ತುಟಿ ಅದುರಿಸಿ ಮನೆಯವರನ್ನೆಲ್ಲ ನಗಿಸಿದ್ದೆ.

ಅಕ್ಕ ಆಗ ತವರಿನಲ್ಲಿದ್ದಳು. ಮದುವೆಯಾದ ಮೊದಲ ಆಷಾಢಕ್ಕೆ ಹುಡುಗಿಯನ್ನು ತವರಿಗೆ ಕರೆದುಕೊಂಡು ಬರುವುದು, ತಿಂಗಳು ಕಳೆದ ಮೇಲೆ ಗಂಡ ಬಂದು ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. ಆಷಾಢ ಹೋಯಿತು, ಶ್ರಾವಣ ಹೋಯಿತು, ದೀಪಾವಳಿ ಹೋಯಿತು. ಭಾವ ಬರಲಿಲ್ಲ. ಬೀದಿಯವರು ಅಳಿಯನ ಬಗ್ಗೆ "ಮಾಪ್ಳೆಗೆ ಕೆಲಸ ಜಾಸ್ತಿನಾ" ಎಂದು ಕೇಳುವುದನ್ನೂ ನಿಲ್ಲಿಸಿದರು. ಕೇಳುವಾಗ ಇದ್ದ ಸಂಕಟಕ್ಕಿಂತ ಅವರು ಕೇಳದೆ ಇದ್ದಾಗ ಆದ ಸಂಕಟ ದೊಡ್ಡದು.

ಜಗಳ ಏನೆಂದು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಅಕ್ಕನನ್ನು ಕೊಟ್ಟದ್ದು ದಿಂಡಿಗಲ್ಲಿಗೆ, ನಮ್ಮವರಿಗೇ. ಸ್ಟೇಷನ್ ಹತ್ತಿರ ಅವರದು ಒಂದು ಮೆಸ್. ಮಧ್ಯಾಹ್ನದ ಊಟಕ್ಕೆ ರೈಲಿನವರು, ಬೀಗ ಮಾಡುವ ಪಟ್ಟಡೆಯವರು, ತೊಗಲು ವ್ಯಾಪಾರದವರು ಬರುತ್ತಿದ್ದರು. ಒಲೆ ಮುಂದೆ ಅಕ್ಕನ ಅತ್ತೆ. ಸೊಸೆ ಬಂದ ಮೇಲೆ ಸೊಸೆಯೂ ನಿಂತಳು. ಆದರೆ ಅಕ್ಕ ಬೇಯುತ್ತಿರುವುದನ್ನು ಬಾಯಿಗೆ ಹಾಕಿ ನೋಡುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಯಾರೂ ನೋಡುವುದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಮನೆದೇವರ ದೀಪ. ಮಾಡಿದ್ದೆಲ್ಲ ಮೊದಲು ಒಂದು ತುಂಡು ಎಲೆಯಲ್ಲಿ ಅದರ ಮುಂದೆ ಹೋಗಬೇಕು. ಅಲ್ಲಿಯವರೆಗೆ ಯಾರ ನಾಲಿಗೆಗೂ ತಾಗಬಾರದು, ಮಾಡಿದವಳ ನಾಲಿಗೆಗೂ. ಹಾಗಾದರೆ ಉಪ್ಪು ಹೇಗೆ ಗೊತ್ತಾಗಬೇಕು? ಕೈಗೆ ಗೊತ್ತಾಗಬೇಕು. ನಾವು ಬಳಸುತ್ತಿದ್ದದ್ದು ಕಲ್ಲುಪ್ಪು. ಹತ್ತು ಜನರ ಸಾರಿಗೆ ಬೆರಳು ಮಡಚಿ ಇಷ್ಟು, ಇಪ್ಪತ್ತು ಜನರಿಗೆ ಹಿಡಿ ತುಂಬ ಇಷ್ಟು. ಕುದಿಯುವಾಗ ಬರುವ ವಾಸನೆಯಲ್ಲೇ ಅವ್ವ "ಹಿಡೀತು" ಅನ್ನುತ್ತಿದ್ದಳು. ಅಕ್ಕ ಅವ್ವನನ್ನೂ ಮೀರಿಸಿದ್ದಳು. ನನಗೆ ತಿಳಿದ ಮಟ್ಟಿಗೆ ಅವಳ ಉಪ್ಪು ಒಂದು ದಿನವೂ ತಪ್ಪಿರಲಿಲ್ಲ. ಉಪ್ಪು ಸರಿಯಿದೆಯಾ ಎಂದು ಅವಳು ಯಾರನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ದಿಂಡಿಗಲ್ಲಿನವರು ಮೆಸ್ ಇಟ್ಟ ಮೇಲೆ ಈ ಪದ್ಧತಿ ಬಿಟ್ಟಿದ್ದರು. "ಇದು ಊರವರು ಉಣ್ಣೋ ಜಾಗ, ನಿಮ್ಮವ್ವನ ಅಡುಗೆಮನೆಯಲ್ಲ. ಬಾಯಿಗೆ ಹಾಕಿ ನೋಡು" ಎಂದು ಅತ್ತೆ. ಆಗಲ್ಲ ಎಂದು ಅಕ್ಕ. ಒಂದು ದಿನ ಯಾರೋ ಒಬ್ಬ ರಸಕ್ಕೆ ಉಪ್ಪಿಲ್ಲ ಅಂದನಂತೆ. ಇತ್ತು ಎಂದು ಅಕ್ಕ. ಅತ್ತೆ ಆಡಿದ ಮಾತು ಇದು: "ಆಷಾಢಕ್ಕೆ ಹೋಗು. ಬರೋವಾಗ ನಾಲಿಗೆ ತಗೊಂಡು ಬಾ." ಭಾವ ಅಲ್ಲೇ ನಿಂತು ಎಲೆ ಒರೆಸುತ್ತಿದ್ದರಂತೆ.

ಅದಕ್ಕೇ ನಾನು ಆ ಸ್ಪರ್ಧೆಗೆ ಕಾರ್ಡು ಬರೆದೆ. ಅಕ್ಕನ ಹೆಸರು, ವಯಸ್ಸು, ಅಡುಗೆ: ರಾಗಿ ಹಿಟ್ಟು (ಅಂದರೆ ಮುದ್ದೆ), ಅವರೆಕಾಳು ಸಾರು. ನನ್ನ ತಲೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಟೋಪಿಯವನು ಕಣ್ಣು ಮುಚ್ಚುತ್ತಾನೆ, ಕಣ್ಣು ಬಿಡುತ್ತಾನೆ, ಹೊಗಳುತ್ತಾನೆ. ದಿಂಡಿಗಲ್ಲಿನ ಮೆಸ್ಸಿನಲ್ಲೂ ಟಿ.ವಿ. ಇತ್ತು. ಅತ್ತೆ ನೋಡುತ್ತಾಳೆ. ಮಾರನೆಯ ದಿನ ಭಾವ ಬಸ್ಸು ಹತ್ತುತ್ತಾರೆ.

ಕಾರ್ತಿಕದಲ್ಲಿ ಕಾಗದ ಬಂತು: ಮಧುರೆಯ ಒಂದು ಹೋಟೆಲಿಗೆ ಬನ್ನಿ, ಅಲ್ಲಿ ಚಿತ್ರೀಕರಣ. ಅಕ್ಕ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಬೀಸುವ ಕಲ್ಲಿನ ಹತ್ತಿರ ಕೂತಿದ್ದವಳು ತಲೆ ಎತ್ತದೆ ಕೇಳಿದಳು, "ಅವ್ರೂ ನೋಡ್ತಾರಾ?" ನೋಡೇ ನೋಡುತ್ತಾರೆ ಎಂದೆ. "ಸರಿ, ಹೋಗಾಣ" ಎಂದಳು.

ಹೋಗುವ ದಿನ ಅವ್ವ ಚೀಲಕ್ಕೆ ಎಲ್ಲ ಕಟ್ಟಿದಳು. ಬೀಸಿದ ರಾಗಿ, ಸಿಪ್ಪೆ ತೆಗೆದ ಅವರೆ, ಮನೆಯಲ್ಲಿ ಅರೆದ ಖಾರ, ಹುಣಸೆ. ಅಕ್ಕ ಒಂದು ಪೊಟ್ಟಣ ಕಲ್ಲುಪ್ಪನ್ನೂ ಇಟ್ಟಿದ್ದಳು. ಅವ್ವ ಅದನ್ನು ತೆಗೆದು ಆಚೆ ಇಟ್ಟಳು. "ಬೇರೆಯವರ ಜಾಗಕ್ಕೆ ಉಪ್ಪು ಹೊತ್ಕೊಂಡು ಹೋಗ್ತಾರಾ? ಅಷ್ಟು ದೊಡ್ಡ ಹೋಟೆಲಲ್ಲಿ ಉಪ್ಪಿರಲ್ವಾ?"

ಅಪ್ಪ ಜೊತೆಗೆ ಹೋದರು. ಅವರನ್ನು ಒಳಗೆ ಬಿಡಲಿಲ್ಲವಂತೆ. ಸಂಜೆ ಅಕ್ಕ ಒಂದು ಅಂಟದ ಬಾಣಲೆ ಹಿಡಿದುಕೊಂಡು ಬಂದಳು, ಬಂದವರಿಗೆಲ್ಲ ಕೊಡುವ ಉಡುಗೊರೆ ಅದು. "ಮಾಡ್ದೆ. ಬಹುಮಾನ ಬರ್ಲಿಲ್ಲ" ಅಂದಳು, ಬಾಣಲೆಯನ್ನು ಅಟ್ಟದ ಮೇಲೆ ಎಸೆದಳು. ಅವಳು ಒಂದು ತಿಂಗಳು ಮಾತಿಲ್ಲದೆ ಓಡಾಡಿದ್ದನ್ನು ನಾವು ಬಹುಮಾನ ತಪ್ಪಿದ ಬೇಸರ ಎಂದುಕೊಂಡೆವು. ಬಹುಮಾನ ಬರದಿದ್ದರೆ ಏನಂತೆ, ಟೋಪಿಯವನು ಹೊಗಳಿರುತ್ತಾನಲ್ಲ, ಅಷ್ಟು ಸಾಕು ಎಂದು ನಾನು. ಪ್ರಸಾರದ ದಿನ ಗೊತ್ತಾದ ಮೇಲೆ ನಾನೇ ಎಸ್‌ಟಿಡಿ ಬೂತಿಗೆ ಹೋಗಿ ದಿಂಡಿಗಲ್ಲಿಗೆ ಫೋನು ಮಾಡಿದೆ. ಭಾವ ಎತ್ತಿದರು.

"ಬರೋ ಭಾನುವಾರ ಹನ್ನೊಂದಕ್ಕೆ, ಭಾವ. ಅತ್ತೆಗೂ ಹೇಳಿ."

"ಸರಿ" ಎಂದರು. ಇಡಲು ಹೋದವರು ಸ್ವಲ್ಪ ತಡೆದು, "ನಿಮ್ಮಕ್ಕ ಚೆನ್ನಾಗಿದಾಳಾ?" ಎಂದು ಕೇಳಿದರು. ಬೂತಿನಿಂದ ಮನೆಯವರೆಗೆ ಓಡಿಕೊಂಡೇ ಬಂದೆ.

ಆ ಭಾನುವಾರ ಬೆಳಿಗ್ಗೆ ಅಕ್ಕ ನನ್ನ ಹಿಂದೆ ಹಿಂದೆ ಸುತ್ತಿದಳು. "ಪಾಪ್ಪಾ, ತೋಟಕ್ಕೆ ಹೋಗಾಣ ಬಾ" ಎಂದಳು. ನಮ್ಮ ಕಡೆ ಮನೆಯ ಕಿರಿಯ ಹುಡುಗಿಯನ್ನು ಪಾಪ್ಪಾ ಅಂತಲೇ ಕರೆಯುವುದು. ನಾನು, ಇವತ್ತು ಯಾವ ತೋಟ, ನಿನಗೆ ನಾಚಿಕೆ, ಎಂದು ಕೈ ಹಿಡಿದು ಎಳೆದೆ. ಇನ್ನೊಂದು ಸಲ, "ಇವತ್ತು ಕರೆಂಟ್ ಹೋಗಲ್ವಾ?" ಎಂದಳು. ವಾರಕ್ಕೊಂದು ಸಲವಾದರೂ ಆ ಹೊತ್ತಿಗೆ ಹೋಗುತ್ತಿದ್ದ ದರಿದ್ರ ಕರೆಂಟು ಅವತ್ತು ಹೋಗಲಿಲ್ಲ.

ಹಜಾರ ತುಂಬಿತ್ತು. ಅಕ್ಕ ಗೋಡೆಗೆ ಒರಗಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಾ ಕೂತಳು. ಟಿ.ವಿ.ಯಲ್ಲಿ ಅಕ್ಕ ಬಂದ ಕೂಡಲೇ ಎಲ್ಲರೂ ಒಮ್ಮೆಲೇ ಮಾತಾಡಿದರು. ಸೀರೆ ಎಷ್ಟು ಚೆನ್ನಾಗಿ ಕಾಣುತ್ತೆ ನೋಡು, ಸ್ವಲ್ಪ ದಪ್ಪ ಕಾಣ್ತಾಳೆ ಅಲ್ವಾ. ಅವಳು ಕೋಲು ಹಿಡಿದು ಹಿಟ್ಟು ತೊಳಸುವಾಗ ಎದುರುಮನೆ ಅಜ್ಜಿ, "ಗೆದ್ಲು, ಬರ್ಕೊಳ್ಳಿ" ಎಂದಳು. ನನ್ನ ಎದೆ ಉಬ್ಬಿತು. ದಿಂಡಿಗಲ್ಲಿನ ಅತ್ತೆ ಈಗ ಹೇಗೆ ಕೂತಿರಬಹುದು ಎಂದು ಯೋಚಿಸುತ್ತಿದ್ದೆ.

ಸಾರು ಕುದಿ ಬಂತು. ಅಕ್ಕನ ಕೈ ಒಂದು ಬಿಳಿ ಪಿಂಗಾಣಿ ಬಟ್ಟಲಿಗೆ ಹೋಯಿತು. ಹಿಡಿ ತುಂಬಿಕೊಂಡಳು, ಬೆರಳು ಮಡಚಿದಳು, ಸಾರಿಗೆ ಹಾಕಿದಳು. ಕೈಯಿಂದ ಹಿಟ್ಟು ಉದುರಿದ ಹಾಗೆ ಉದುರಿತು.

ಅವ್ವ ನನ್ನ ಪಕ್ಕದಲ್ಲಿದ್ದಳು. "ಅದು ಪುಡಿಯುಪ್ಪಲ್ವಾ" ಎಂದಳು, ತನಗೆ ತಾನೇ ಹೇಳಿಕೊಂಡ ಹಾಗೆ. ಬೇರೆ ಯಾರೂ ಕೇಳಿಸಿಕೊಳ್ಳಲಿಲ್ಲ. ನನಗೆ ಕೇಳಿಸಿತು, ತಿಳಿಯಲಿಲ್ಲ. ಅವ್ವ ಎದ್ದು ಅಡುಗೆಮನೆಗೆ ಹೋದಳು. ಮುಖ್ಯವಾದ ಹೊತ್ತಿನಲ್ಲಿ ಎದ್ದು ಹೋದಳಲ್ಲ ಎಂದು ನನಗೆ ಕೋಪ ಬಂತು. ಆಮೇಲೆ ಅರ್ಥವಾಯಿತು: ಕಲ್ಲುಪ್ಪಿನ ಹಿಡಿಯಲ್ಲಿ ಹರಳಿನ ನಡುವೆ ಜಾಗ ಇರುತ್ತದೆ, ಪುಡಿಯುಪ್ಪು ಹಿಡಿಯಲ್ಲಿ ಒತ್ತಿ ತುಂಬಿಕೊಳ್ಳುತ್ತದೆ, ಅದೇ ಹಿಡಿ ಎರಡು ಪಾಲು ಉಪ್ಪಾಗುತ್ತದೆ. ನಮ್ಮ ಮನೆಗೆ ಪುಡಿಯುಪ್ಪು ಬಂದೇ ಇರಲಿಲ್ಲ. ಒಂದು ಹನಿ ನಾಲಿಗೆಗೆ ಇಟ್ಟಿದ್ದರೆ ಅಕ್ಕನಿಗೆ ಗೊತ್ತಾಗುತ್ತಿತ್ತು. ಅವಳು ಇಡಲಿಲ್ಲ. ಟಿ.ವಿ.ಯಲ್ಲಿ ಅವಳು ಒಂದು ಚೂರು ಹಿಟ್ಟನ್ನೂ ಒಂದು ಸೌಟು ಸಾರನ್ನೂ ಬೇರೆ ತಟ್ಟೆಗೆ ತೆಗೆದು ಪಕ್ಕದಲ್ಲಿಟ್ಟಳು. ಅಲ್ಲಿ ದೀಪ ಎಲ್ಲಿಂದ ಬರಬೇಕು, ಪಾಪ. ಸುಮ್ಮನೆ ಮೇಜಿನ ಮೂಲೆಯಲ್ಲಿಟ್ಟಳು.

ಟೋಪಿಯವನು ಬಂದ. ಹಿಟ್ಟು ಮುರಿದ, ಸಾರಿನಲ್ಲಿ ಚೆನ್ನಾಗಿ ಅದ್ದಿದ, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಆಮೇಲೆ ಅವನ ಮುಖ ಇಡೀ ಮೂಗಿನ ಸುತ್ತ ಬಂದು ಸೇರಿತು. ಹುಣಸೆಕಾಯಿ ತಿಂದ ಕೋತಿಯ ಹಾಗೆ. ನೀರಿಗೆ ಕೈ ಚಾಚಿದ, ಟೋಪಿ ಜಾರಿ ಹುಬ್ಬಿನ ಮೇಲೆ ಬಂತು.

ನಾನು ನಕ್ಕೆ. ಹಜಾರದಲ್ಲಿ ಮೊದಲು ನಕ್ಕವಳು ನಾನೇ. ಪ್ರತಿ ಭಾನುವಾರ ನಕ್ಕು ನಕ್ಕು ಅಭ್ಯಾಸವಾಗಿದ್ದ ಬಾಯಿ, ಮುಂದೆ ನಿಂತಿರುವವಳು ಯಾರೆಂದು ನೋಡಲಿಲ್ಲ. ನನ್ನ ಹಿಂದೆ ಎಲ್ಲರೂ ನಕ್ಕರು. ತಿರುಗಿದಾಗ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಕೋಪ ಇರಲಿಲ್ಲ. ಕಾಯಿ ಸುಲಿಯುತ್ತಿದ್ದ ಕೈ ನಿಂತಿತ್ತು, ಅಷ್ಟೆ.

ಟಿ.ವಿ.ಯಲ್ಲಿ ಟೋಪಿಯವನು ಕೇಳುತ್ತಿದ್ದ, "ಅಮ್ಮಾ, ಇದನ್ನು ನೀವು ಬಾಯಿಗೆ ಹಾಕಿ ನೋಡಿದಿರಾ?"

"ಇಲ್ಲ ಸಾರ್. ನಮ್ಮ ಮನೇಲಿ ದೇವರಿಗೆ ಇಡೋ ಮುಂಚೆ ಬಾಯಿಗೆ ಹಾಕಲ್ಲ."

ಅವನು ಪಕ್ಕದ ಅಮ್ಮನ ಕಡೆ ತಿರುಗಿದ. ನೆರಿಗೆ ಅಲುಗದ ಆ ಅಮ್ಮ ಮೆಲ್ಲಗೆ, ತುಂಬ ಮೃದುವಾಗಿ, "ದೇವರಿಗೂ ಬಿ.ಪಿ. ಬರುತ್ತಮ್ಮಾ" ಎಂದಳು. ಎಲ್ಲಿಂದಲೋ ತುಂಬ ಜನ ನಕ್ಕ ಸದ್ದು ಬಂತು. ಟಿ.ವಿ.ಯೊಳಗಿನ ಅಕ್ಕ ಸೆರಗನ್ನು ಬಾಯಿಗೆ ಹಿಡಿದು ಅವರ ಜೊತೆಗೆ ನಕ್ಕಳು. ಉಳಿದದ್ದೆಲ್ಲ ನಾನು ತಡೆದುಕೊಂಡೇನು. ಅವಳು ನಕ್ಕದ್ದನ್ನು ಇವತ್ತಿಗೂ ತಡೆಯಲಾರೆ.

ಹಜಾರದಲ್ಲಿ ಎದುರುಮನೆ ಅಜ್ಜಿ ಟೋಪಿಯವನ ಏಳು ತಲೆಮಾರನ್ನು ಜಾಲಾಡಿದಳು. ಇನ್ನೊಬ್ಬಾಕೆ, ಅವರೇ ಏನೋ ಬೆರೆಸಿರುತ್ತಾರೆ, ನಮ್ಮೂರವಳು ಗೆಲ್ಲಬಾರದು ಅಂತ, ಎಂದಳು. ಅದೆಲ್ಲ ಚೆನ್ನಾಗಿತ್ತು. ಆಮೇಲೆ ಯಾರೋ ಒಬ್ಬರು ಏಳುತ್ತಾ, "ಆದ್ರೂ ಒಂದ್ಸಲ ನೋಡ್ಬಹುದಾಗಿತ್ತು" ಎಂದರು. ಆ 'ಆದ್ರೂ' ಶುರುವಾಯಿತು ನೋಡಿ, ಒಬ್ಬೊಬ್ಬರಾಗಿ ಅದನ್ನೇ ಹೇಳುತ್ತಾ ಚಪ್ಪಲಿ ಮೆಟ್ಟಿಕೊಂಡು ಹೋದರು. ಗೆದ್ದವಳು ಯಾರೆಂದು ನೋಡಲು ಯಾರೂ ಉಳಿಯಲಿಲ್ಲ. ಅಕ್ಕ ಉಳಿದ ಕಾಯಿ ಸುಲಿದು ಮುಗಿಸಿ ಮೊರ ಎತ್ತಿಕೊಂಡು ಒಳಗೆ ಹೋದಳು. ಒಳಗೆ ಅವ್ವ ಉಪ್ಪಿನ ಮಡಕೆಯ ಮುಂದೆ ಕೂತಿದ್ದಳು. "ಪೊಟ್ಟಣ ತೆಗೆದಿಟ್ಟವಳು ನಾನೇ" ಎಂದಳು. ಅಕ್ಕ, "ಚುಮ್ಮಾ ಇರವ್ವ" ಎಂದಳು.

ಅಂದಿನಿಂದ ಅವಳು ಅಡುಗೆ ಮಾಡುತ್ತಿದ್ದಳು, ಉಪ್ಪು ಹಾಕುತ್ತಿರಲಿಲ್ಲ. ಸಾರು ಕುದಿ ಬಂದಾಗ ಅವ್ವನನ್ನು ಕರೆದು ತಾನು ಪಕ್ಕಕ್ಕೆ ನಿಲ್ಲುತ್ತಿದ್ದಳು.

ಆ ಕಾರ್ಯಕ್ರಮದಲ್ಲಿ ತಿಂಗಳಿಗೊಮ್ಮೆ ನೋಡುಗರ ಕಾಗದ ಓದುತ್ತಿದ್ದರು. ನಾನು ನಾಲ್ಕು ಪುಟ ಬರೆದೆ. ಕಲ್ಲುಪ್ಪು ಏನು, ಪುಡಿಯುಪ್ಪು ಏನು, ಹಿಡಿ ಅಂದರೆ ಎಷ್ಟು, ನಮ್ಮ ಪದ್ಧತಿ ಏನು, ಎಲ್ಲ ಬಿಡಿಸಿ ಬರೆದೆ. ಅವರು ಓದಿದ್ದು ಕೊಯಮತ್ತೂರಿನ ಒಂದು ಕಾಗದ: ಆ ಉಪ್ಪಿನ ಅಕ್ಕನನ್ನು ನೆನೆಸಿಕೊಂಡು ಮನೆಮಂದಿಯೆಲ್ಲ ವಾರಪೂರ್ತಿ ನಕ್ಕೆವು, ಹೀಗೇ ನಗಿಸುತ್ತಿರಿ. ತಿರುಚ್ಚಿಯವರೊಬ್ಬರು ದೇವರ ವಿಷಯದಲ್ಲಿ ಹಾಸ್ಯ ಬೇಡ ಎಂದು ಬರೆದಿದ್ದರು. ಅಕ್ಕನ ವಿಷಯದಲ್ಲಿ ಬೇಡ ಎಂದು ಯಾರೂ ಬರೆದಿರಲಿಲ್ಲ. ಟೋಪಿಯವನ ಆ ಮುಖ ಕಾರ್ಯಕ್ರಮದವರಿಗೆ ಎಷ್ಟು ಇಷ್ಟವಾಯಿತೆಂದರೆ, ಕಾರ್ಯಕ್ರಮದ ಶುರುವಿನಲ್ಲಿ ಹಾಡಿನ ಜೊತೆ ಬರುವ ತುಣುಕುಗಳಲ್ಲಿ ಅದನ್ನೂ ಸೇರಿಸಿಬಿಟ್ಟರು. ಹಿಟ್ಟು ಮುರಿಯುವುದು, ಮುಖ ತಿರುಚುವುದು, ಹಿಂದೆ ಅಕ್ಕನ ಅರ್ಧ ಸೀರೆ. ಪ್ರತಿ ಭಾನುವಾರವೂ ಅದೇ. ನಾವು ಟಿ.ವಿ. ಹಾಕುವುದನ್ನು ಬಿಟ್ಟೆವು. ಪಕ್ಕದ ಮನೆಯವರು ಬಿಡಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ಆ ಹಾಡು ಗೋಡೆ ದಾಟಿ ಬರುತ್ತಿತ್ತು.

ಮಾಘದಲ್ಲಿ ಭಾವ ಬಂದರು. ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಅಪ್ಪನ ಮುಖ ನೋಡದೆ ಹೇಳಿದರು. "ಅಮ್ಮ ಬರ್ಹೇಳಿದಾರೆ ಮಾಮ. ಇನ್ಮೇಲೆ ಇವಳು ಒಲೆ ಹತ್ರ ಹೋಗೋದು ಬೇಡ. ಎಲೆ ಹಾಕೋದು, ಬಡಿಸೋದು ನೋಡ್ಕೊಂಡ್ರೆ ಸಾಕು."

ನಾನು ಬಾಗಿಲ ಹಿಂದೆ ಹಲ್ಲು ಕಚ್ಚಿ ನಿಂತಿದ್ದೆ. ಅಕ್ಕ ಆಗಲ್ಲ ಅನ್ನುತ್ತಾಳೆ, ಆಷಾಢದಿಂದ ಇಲ್ಲಿಯವರೆಗೆ ಆಗಲ್ಲ ಅಂದವಳು ಈಗಲೂ ಅನ್ನುತ್ತಾಳೆ ಎಂದು ಕಾದೆ. ಅವಳು ಒಳಗೆ ಹೋಗಿ ಸೀರೆ ಮಡಚತೊಡಗಿದಳು. ಅಪ್ಪ ಕೆಮ್ಮಿದರು. ಅವಳಿಗೆ ಬೇಕಾಗಿದ್ದದ್ದು ಉಪ್ಪು ತಪ್ಪದವಳು ಎಂದು ತಲೆ ಎತ್ತಿ ಆ ಮನೆಗೆ ವಾಪಸು ಹೋಗುವುದು. ಸಿಕ್ಕಿದ್ದು ಇದು. ಅವಳು ಇದನ್ನೇ ತೆಗೆದುಕೊಂಡು ಹೋದಳು.

ಆ ಬೇಸಿಗೆಯಲ್ಲಿ ಕಾಲೇಜಿನ ಅರ್ಜಿ ತರಲು ನಾನು ದಿಂಡಿಗಲ್ಲಿಗೆ ಹೋದೆ. ನಕ್ಕದ್ದಕ್ಕೆ ಇನ್ನೂ ಅವಳ ಹತ್ತಿರ ತಪ್ಪಾಯಿತು ಎಂದಿರಲಿಲ್ಲ. ವತ್ತಲಗುಂಡು ದಾಟುವಾಗಿನಿಂದ ಬಸ್ಸಿನಲ್ಲಿ ಅದನ್ನು ಹೇಗೆ ಹೇಳುವುದೆಂದು ಜೋಡಿಸಿಕೊಳ್ಳುತ್ತಿದ್ದೆ. ಮೆಸ್ ಮುಟ್ಟುವ ಹೊತ್ತಿಗೆ ಮಧ್ಯಾಹ್ನದ ಪಂಕ್ತಿ ಕೂತಾಗಿತ್ತು. ಒಳಗೆ ಒಲೆ ಮುಂದೆ ಅತ್ತೆಯ ಬೆನ್ನು ಕಾಣುತ್ತಿತ್ತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಕೆಟ್ ಹಿಡಿದು ಬಡಿಸುತ್ತಿದ್ದಳು. ಸ್ವಲ್ಪ ಇಳಿದುಹೋಗಿದ್ದಳು. ನನ್ನನ್ನು ಕಂಡು ಮುಖ ಅರಳಿತು. "ಬಾ ಪಾಪ್ಪಾ, ಕೂತ್ಕೋ, ಮೊದಲು ಉಣ್ಣು" ಎಂದು ಗೋಡೆ ಬದಿಯ ಎಲೆ ತೋರಿಸಿದಳು.

ಅನ್ನ ಹಾಕಿದಳು, ಸಾಂಬಾರು ಹಾಕಿದಳು. ಹೋಗಲಿಲ್ಲ, ಅಲ್ಲೇ ನಿಂತಳು. ನಾನು ಕಲಸಿ ಮೊದಲ ತುತ್ತು ಬಾಯಿಗಿಡುವವರೆಗೂ ನನ್ನ ಬಾಯನ್ನೇ ನೋಡುತ್ತಿದ್ದಳು.

"ಉಪ್ಪು ಸರಿಯಿದ್ಯಾ?" ಎಂದು ಕೇಳಿದಳು. ಆ ಸಾಂಬಾರು ಮಾಡಿದವಳೂ ಅವಳಲ್ಲ, ಅದಕ್ಕೆ ಉಪ್ಪು ಹಾಕಿದವಳೂ ಅವಳಲ್ಲ.

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಬಿಟ್ಟು ಇನ್ನೊಂದು ತುತ್ತು ಕಲಸಿದೆ. "ಸರಿಯಿದೆ ಅಕ್ಕ" ಎಂದೆ. ನಿಜವಾಗಿಯೂ ಸರಿಯಿತ್ತು.

ಅವಳು ಇನ್ನೊಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಪಕ್ಕದ ಎಲೆಗೆ ಸರಿದು, ಅಲ್ಲಿ ಉಣ್ಣುತ್ತಿದ್ದ ಯಾರೋ ಗುರುತಿಲ್ಲದವನ ಮುಂದೆ ಬಗ್ಗಿ, "ಅಣ್ಣಾ, ಉಪ್ಪು ಸರಿಯಿದ್ಯಾ ನೋಡಿ ಹೇಳಿ" ಎಂದಳು.